ವಿದ್ಯುದಾವೇಶದ ಮೂಲ ನಿಯಮಗಳನ್ನು ಕೈಯಾರೆ ಮಾಡಿ ಕಲಿಯುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ವಿದ್ಯುದಾವೇಶದ ಪಾಠ ಮುಗಿದ ಮೇಲೆ ಮಕ್ಕಳ ಉತ್ತರಪತ್ರಿಕೆಗಳಲ್ಲಿ ನಾನು ಪ್ರತಿವರ್ಷವೂ ಓದುವ ಒಂದು ವಾಕ್ಯವಿದೆ: ‘ಎರಡು ವಸ್ತುಗಳನ್ನು ಉಜ್ಜಿದಾಗ ವಿದ್ಯುದಾವೇಶ ಉತ್ಪತ್ತಿಯಾಗುತ್ತದೆ.’ ಈ ವಾಕ್ಯ ಅರ್ಧ ಸರಿ, ಅರ್ಧ ತಪ್ಪು. ಉಜ್ಜುವುದರಿಂದ ಆವೇಶ ಹೊಸದಾಗಿ ಹುಟ್ಟುವುದಿಲ್ಲ. ಎರಡೂ ವಸ್ತುಗಳಲ್ಲಿ ಮೊದಲೇ ಸಮಸಮನಾಗಿ ಇದ್ದ ಧನ ಮತ್ತು ಋಣ ಆವೇಶಗಳ ಪೈಕಿ ಒಂದಿಷ್ಟು ಋಣ ಆವೇಶ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ; ಕೊಟ್ಟ ವಸ್ತುವಿನಲ್ಲಿ ಎಷ್ಟು ಕಡಿಮೆಯಾಯಿತೋ ಪಡೆದ ವಸ್ತುವಿನಲ್ಲಿ ಅಷ್ಟೇ ಹೆಚ್ಚಾಗುತ್ತದೆ. ಜಾತ್ರೆಯಲ್ಲಿ ದೇವರು ಮೈಮೇಲೆ ಬಂದವರನ್ನು ಕಂಡಿರುವ ನಮ್ಮ ಮಕ್ಕಳಿಗೆ ‘ಆವೇಶ’ ಎಂಬ ಮಾತು ಹೊಸದಲ್ಲ. ಹೊರಗಿನಿಂದ ಬಂದು ಒಳಸೇರುವುದು ಎಂಬ ಆ ಮಾತಿನ ಮೂಲಾರ್ಥವೇ ಇಲ್ಲಿಯೂ ಸರಿಹೊಂದುತ್ತದೆ ಎಂದು ತಿಳಿಸಿದರೆ ಪಾಠ ಅರ್ಧ ಹಗುರಾಗುತ್ತದೆ. ಉಳಿದ ಅರ್ಧವನ್ನು ಪ್ರಯೋಗ ಮಾಡಿಯೇ ತೋರಿಸಬೇಕು. ಕೊಪ್ಪಳ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾ ನಾನು ಮಾಡಿ ನೋಡಿದ ಪ್ರಯೋಗಗಳನ್ನು, ಒಂದರ ಮೇಲೊಂದು ನಿಲ್ಲುವ ಕ್ರಮದಲ್ಲಿ, ಇಲ್ಲಿ ಬರೆಯುತ್ತಿದ್ದೇನೆ.

ಕಾಲ ಮತ್ತು ಜಾಗ

ಈ ಪ್ರಯೋಗಗಳಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಒಣ ಹವೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ವಸ್ತುಗಳ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ತೆಳುವಾದ ನೀರಿನ ಪದರ ಕೂರುತ್ತದೆ. ಆ ಪದರದ ಮೂಲಕವೇ ಆವೇಶ ಸೋರಿಹೋಗುತ್ತದೆ. ಕರಾವಳಿಯ ಶಿಕ್ಷಕರು ಈ ಪಾಠಕ್ಕಾಗಿ ಎಷ್ಟು ಕಷ್ಟಪಡಬೇಕೋ ನಾವು ಅಷ್ಟು ಪಡಬೇಕಾಗಿಲ್ಲ. ಬಳ್ಳಾರಿ, ರಾಯಚೂರು, ಕೊಪ್ಪಳದ ಬಯಲುಸೀಮೆಯಲ್ಲಿ ಗವಿಸಿದ್ಧೇಶ್ವರ ಜಾತ್ರೆ ನಡೆಯುವ ಜನವರಿಯಿಂದ ಯುಗಾದಿಯವರೆಗೆ ತುಟಿ ಒಡೆಯುವಷ್ಟು ಒಣ ಹವೆ ಇರುತ್ತದೆ. ಬೆಳಿಗ್ಗೆ ಹತ್ತರ ನಂತರ, ಬಿಸಿಲು ಚೆನ್ನಾಗಿ ಏರಿದ ಮೇಲೆ ಪ್ರಯೋಗಕ್ಕೆ ಕೂತರೆ ಫಲ ಖಚಿತ. ಗಂಗಾವತಿ, ಸಿಂಧನೂರು ಕಡೆಯ ನೀರಾವರಿ ಪ್ರದೇಶದಲ್ಲಿ ಭತ್ತದ ಗದ್ದೆಗಳ ನಡುವೆ ಇರುವ ಶಾಲೆಗಳು ಇನ್ನೂ ಸ್ವಲ್ಪ ತಡಮಾಡಿ, ಮಧ್ಯಾಹ್ನದ ಹೊತ್ತನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಇಲ್ಲಿ ನಾನು ಮಾಡಿದ ಒಂದು ತಪ್ಪನ್ನು ಹೇಳಬೇಕು. ಒಮ್ಮೆ ಮಾರ್ಚ್ ತಿಂಗಳಲ್ಲಿ ಬೇರೊಂದು ಶಾಲೆಯ ಶಿಕ್ಷಕರಿಗೆ ಇದೇ ಪ್ರಯೋಗಗಳನ್ನು ತೋರಿಸಲು ಹೋಗಿದ್ದೆ. ಸೆಕೆ ಹೆಚ್ಚೆಂದು ಅವರು ಕೋಣೆಯಲ್ಲಿ ದೊಡ್ಡ ಏರ್‌ಕೂಲರ್ ಹಚ್ಚಿಟ್ಟಿದ್ದರು. ಪಿವಿಸಿ ಪೈಪನ್ನು ಕಂಬಳಿಯಿಂದ ಎಷ್ಟು ಉಜ್ಜಿದರೂ ಕಾಗದದ ಚೂರು ಕದಲಲಿಲ್ಲ. ಅರ್ಧ ಗಂಟೆ ಬೆವರು ಸುರಿಸಿದ ಮೇಲೆ, ಕೂಲರ್ ಎಂದರೆ ನೀರಿನ ಮೇಲಿಂದ ಗಾಳಿ ಬೀಸಿ ಕೋಣೆಗೆ ತೇವ ತುಂಬುವ ಯಂತ್ರ ಎಂಬುದು ನೆನಪಾಯಿತು. ಅದೇ ಪೈಪು, ಅದೇ ಕಂಬಳಿಯ ತುಂಡನ್ನು ಹೊರಗಿನ ಪಡಸಾಲೆಗೆ ತಂದು ನಾಲ್ಕು ಬಾರಿ ಎಳೆದದ್ದೇ ತಡ, ಚೂರುಗಳು ಪುಟಪುಟನೆ ಹಾರಿ ಅಂಟಿಕೊಂಡವು. ಆದ್ದರಿಂದ ಕೂಲರ್ ಆರಿಸಿ. ಫ್ಯಾನನ್ನೂ ಆರಿಸಿ, ಏಕೆಂದರೆ ಹಗುರವಾದ ಎಲೆಗಳು ಗಾಳಿಗೆ ಅಲ್ಲಾಡಿದರೆ ನೋಡುವುದೇನೂ ಉಳಿಯುವುದಿಲ್ಲ.

ಇನ್ನೊಂದು ಮಾತು. ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಪ್ರಯೋಗ ಎಲ್ಲ ಪುಸ್ತಕಗಳಲ್ಲೂ ಇದೆ. ಆದರೆ ಬೆಳಿಗ್ಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದುಕೊಂಡು ಬಂದ ಹುಡುಗಿಯರ ತಲೆಯಲ್ಲಿ ಅದು ನಡೆಯುವುದಿಲ್ಲ. ಎಣ್ಣೆಯ ಪದರವು ಕೂದಲಿಗೂ ಪ್ಲಾಸ್ಟಿಕ್ಕಿಗೂ ನೇರವಾಗಿ ತಾಗಲು ಬಿಡದು. ನಡೆಯದ ಪ್ರಯೋಗವನ್ನು ನಡೆಯಿತೆಂದು ಬರೆಸುವುದಕ್ಕಿಂತ ಕಂಬಳಿಯನ್ನು ಬಳಸುವುದು ಪ್ರಾಮಾಣಿಕ.

ಬೇಕಾಗುವ ಸಾಮಾನು

ಮನೆಯ ವೈರಿಂಗ್‌ಗೆ ಬಳಸುವ ಪಿವಿಸಿ ಪೈಪಿನ ಅರ್ಧ ಮೀಟರ್ ಉದ್ದದ ತುಂಡು ಒಂದು, ಕುರಿ ಉಣ್ಣೆಯ ಹಳೆಯ ಕಂಬಳಿಯ ಅಂಗೈಯಗಲದ ಎರಡು ತುಂಡುಗಳು, ಗಾಜಿನ ದಪ್ಪ ಪ್ರನಾಳ ಅಥವಾ ಸಣ್ಣ ಬಾಟಲಿ, ರೇಷ್ಮೆ ಬಟ್ಟೆಯ ಚೂರು, ಪಾರದರ್ಶಕ ಅಂಟುಟೇಪು, ಪ್ಲಾಸ್ಟಿಕ್ ಮುಚ್ಚಳವಿರುವ ಜಾಮ್ ಬಾಟಲಿ, ಕೈಯಷ್ಟುದ್ದದ ದಪ್ಪ ತಾಮ್ರದ ತಂತಿ, ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ, ಒಂದೂವರೆ ಸೆಂಟಿಮೀಟರ್ ವ್ಯಾಸದ ಥರ್ಮಾಕೋಲ್ ಗುಂಡುಗಳು ಮೂರು, ನೈಲಾನ್ ದಾರ, ಎರಡು ಪ್ಲಾಸ್ಟಿಕ್ ಸ್ಕೇಲು, ಆಳವಾದ ಸ್ಟೀಲ್ ಡಬ್ಬಿ. ಕಂಬಳಿ ನಿಜವಾದ ಉಣ್ಣೆಯದೇ ಆಗಿರಲಿ. ನಮ್ಮ ಭಾಗದ ಕುರಿಗಾರರ ಮನೆಯಲ್ಲಿ ಹರಿದ ಕಂಬಳಿಯ ಅಂಚು ಕೇಳಿದರೆ ಇಲ್ಲವೆನ್ನುವವರಿಲ್ಲ. ಎಲ್ಲವನ್ನೂ ಪ್ರಯೋಗಕ್ಕೆ ಮುಂಚೆ ಕಾಲು ಗಂಟೆ ಬಿಸಿಲಿಗೆ ಇಡಿ.

ಗೋಡೆಯ ಪ್ಲಗ್ಗಿನ ಕರೆಂಟಿಗೂ ಈ ಪ್ರಯೋಗಗಳಿಗೂ ಯಾವ ಸಂಬಂಧವೂ ಇರಕೂಡದು. ಇದನ್ನು ಮಕ್ಕಳಿಗೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ.

ಮೊದಲ ಹೆಜ್ಜೆ: ಆವೇಶಗಳು ಎರಡೇ ಬಗೆ

ಮೇಜಿನ ಮೇಲೆ ಟೇಪಿನ ಒಂದು ಉದ್ದ ಪಟ್ಟಿಯನ್ನು ಅಂಟಿಸಿ ಅಲ್ಲಿಯೇ ಬಿಡಿ. ಇದು ತಳದ ಪಟ್ಟಿ. ಅದರ ಮೇಲೆ ಗೇಣುದ್ದದ ಇನ್ನೊಂದು ಪಟ್ಟಿ ಅಂಟಿಸಿ, ಹಿಡಿಯಲು ತುದಿಯನ್ನು ಮಡಚಿ, ‘ಕೆಳಗಿನದು’ ಎಂದು ಗುರುತು ಹಾಕಿ. ಅದರ ನೆತ್ತಿಗೆ ಅಷ್ಟೇ ಉದ್ದದ ಮತ್ತೊಂದನ್ನು ಅಂಟಿಸಿ ‘ಮೇಲಿನದು’ ಎಂದು ಬರೆಯಿರಿ. ಈಗ ಕೆಳಗಿನದನ್ನೂ ಮೇಲಿನದನ್ನೂ ಜೋಡಿಯಾಗಿಯೇ ತಳದ ಪಟ್ಟಿಯಿಂದ ನಿಧಾನವಾಗಿ ಬಿಡಿಸಿ, ಬೆರಳಿನಿಂದ ಎರಡೂ ಬದಿಗಳನ್ನು ಒಮ್ಮೆ ಸವರಿ. ಸವರಿದಾಗ ಜೋಡಿಯ ಮೇಲೆ ಉಳಿದಿದ್ದ ಆವೇಶ ನಿಮ್ಮ ಮೈಯ ಮೂಲಕ ನೆಲ ಸೇರುತ್ತದೆ. ಬಳಿಕ ಎರಡನ್ನೂ ಸರ್ರನೆ ಬೇರ್ಪಡಿಸಿ, ಎರಡು ಕೈಯಲ್ಲಿ ತೂಗುಬಿಟ್ಟು ಹತ್ತಿರ ತನ್ನಿ. ಅವು ಒಂದನ್ನೊಂದು ಸೆಳೆದು ಅಂಟಿಕೊಳ್ಳುತ್ತವೆ.

ಇದೇ ರೀತಿ ಇನ್ನೊಂದು ಜೋಡಿ ಮಾಡಿ. ಎರಡು ‘ಮೇಲಿನವು’ ಎದುರಾದಾಗ ದೂರ ಸರಿಯುತ್ತವೆ. ಎರಡು ‘ಕೆಳಗಿನವು’ ಕೂಡ ದೂರ ಸರಿಯುತ್ತವೆ. ಸಜಾತಿ ಆವೇಶಗಳು ವಿಕರ್ಷಿಸುತ್ತವೆ, ವಿಜಾತಿ ಆವೇಶಗಳು ಆಕರ್ಷಿಸುತ್ತವೆ ಎಂಬ ವಾಕ್ಯವನ್ನು ಮಕ್ಕಳು ಬಾಯಿಪಾಠ ಮಾಡುವ ಮೊದಲು ಈ ಪಟ್ಟಿಗಳು ಬಾಗುವುದನ್ನು ಕಣ್ಣಾರೆ ನೋಡಬೇಕು. 1733ರಲ್ಲಿ ಫ್ರಾನ್ಸಿನ ದ್ಯುಫೇ ಆವೇಶಗಳು ಎರಡು ಬಗೆಯವು ಎಂದು ಕಂಡುಕೊಂಡಿದ್ದೂ ಇಂಥ ಸೆಳೆತ ತಳ್ಳಾಟಗಳನ್ನು ನೋಡಿಯೇ. ಧನ, ಋಣ ಎಂಬ ಹೆಸರುಗಳು ಬಂದದ್ದು ಬಳಿಕ, 1747ರ ಸುಮಾರಿಗೆ ಬೆಂಜಮಿನ್ ಫ್ರಾಂಕ್ಲಿನ್ ಅವರಿಂದ.

ರೇಷ್ಮೆಯಿಂದ ಉಜ್ಜಿದ ಗಾಜಿನ ಮೇಲಿನ ಆವೇಶವನ್ನು ಧನ ಎಂದೂ ಉಣ್ಣೆಯಿಂದ ಉಜ್ಜಿದ ಪಿವಿಸಿಯ ಮೇಲಿನದನ್ನು ಋಣ ಎಂದೂ ಕರೆಯುತ್ತೇವೆ. ಈಗ ಕಂಬಳಿಯಿಂದ ಉಜ್ಜಿದ ಪೈಪನ್ನು ನಿಮ್ಮ ಪಟ್ಟಿಗಳ ಹತ್ತಿರ ಒಯ್ದು, ಯಾವುದು ದೂರ ಸರಿಯುತ್ತದೆ ಎಂದು ನೋಡಿ, ಅದೇ ಋಣ. ದೂರ ಸರಿಯುವುದನ್ನೇ ಸಾಕ್ಷಿಯಾಗಿ ಹಿಡಿಯಬೇಕು, ಸೆಳೆಯುವುದನ್ನಲ್ಲ. ಯಾವ ಆವೇಶವೂ ಇಲ್ಲದ ಕಾಗದದ ಚೂರು ಕೂಡ ಪೈಪಿನ ಕಡೆಗೆ ಸೆಳೆಯಲ್ಪಡುತ್ತದೆ. ಪೈಪಿನ ಋಣ ಆವೇಶವು ಚೂರಿನೊಳಗಿನ ಧನ ಭಾಗವನ್ನು ತುಸು ಹತ್ತಿರಕ್ಕೂ ಋಣ ಭಾಗವನ್ನು ತುಸು ದೂರಕ್ಕೂ ಸರಿಸುತ್ತದೆ. ಹತ್ತಿರದ ಸೆಳೆತ ದೂರದ ತಳ್ಳುವಿಕೆಗಿಂತ ಬಲವಾಗಿರುವುದರಿಂದ ಚೂರು ಪೈಪಿನತ್ತ ಹಾರುತ್ತದೆ. ಹಾಗಾಗಿ ಆಕರ್ಷಣೆ ಕಂಡ ಮಾತ್ರಕ್ಕೆ ಎರಡೂ ವಸ್ತುಗಳು ಆವೇಶಗೊಂಡಿವೆ ಎನ್ನಲಾಗದು. ವಿಕರ್ಷಣೆ ಕಂಡರೆ ಎನ್ನಬಹುದು. ಪರೀಕ್ಷೆಯಲ್ಲಿ ಈ ಪ್ರಶ್ನೆ ಬಂದಾಗಲೆಲ್ಲ ಜಾಣ ಮಕ್ಕಳೂ ಎಡವುತ್ತಾರೆ.

ಎರಡನೆಯ ಹೆಜ್ಜೆ: ವಿದ್ಯುದ್ದರ್ಶಕವನ್ನು ಕಟ್ಟುವುದು

ವಿದ್ಯುದ್ದರ್ಶಕವೆಂದರೆ ಆವೇಶ ಇದೆಯೇ ಎಂದು ತೋರಿಸುವ ಉಪಕರಣ. ಜಾಮ್ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳದ ನಡುವೆ, ಕಾಯಿಸಿದ ಮೊಳೆಯಿಂದ ತಂತಿ ಬಿಗಿಯಾಗಿ ಕೂರುವಷ್ಟೇ ತೂತು ಮಾಡಿ. ತಾಮ್ರದ ತಂತಿಯ ಮೇಲೆ ಎನಾಮಲ್ ಲೇಪವಿದ್ದರೆ ಉಪ್ಪುಕಾಗದದಿಂದ ಪೂರ್ತಿ ತಿಕ್ಕಿ ತೆಗೆಯಿರಿ. ತಂತಿಯನ್ನು ತೂತಿನಲ್ಲಿ ಇಳಿಸಿ, ಬಾಟಲಿಯೊಳಗೆ ಬರುವ ತುದಿಯನ್ನು ಸಣ್ಣ ಕೊಕ್ಕೆಯಾಗಿ ಬಗ್ಗಿಸಿ. ಹೊರಗಿನ ತುದಿಯನ್ನು ಚಕ್ಕುಲಿಯಂತೆ ಸುತ್ತಿ ಚಪ್ಪಟೆ ಮಾಡಿ. ಅಲ್ಯೂಮಿನಿಯಂ ಹಾಳೆಯಿಂದ ನಾಲ್ಕು ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ಅಗಲದ ಎರಡು ಎಲೆಗಳನ್ನು ಕತ್ತರಿಸಿ, ಉಗುರಿನಿಂದ ತೀಡಿ ಸುಕ್ಕು ಬಿಡಿಸಿ, ತಲೆಯಲ್ಲಿ ಸೂಜಿಯಿಂದ ತೂತು ಚುಚ್ಚಿ ಕೊಕ್ಕೆಗೆ ಹಾಕಿ. ಎಲೆಗಳು ಯಾವ ತಡೆಯೂ ಇಲ್ಲದೆ ತೂಗಾಡಬೇಕು. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ವಿದ್ಯುದ್ದರ್ಶಕಗಳು ಕೆಡುವುದು ಇಲ್ಲಿಯೇ: ತೂತು ಚಿಕ್ಕದಾಗಿ ಎಲೆ ಕೊಕ್ಕೆಗೆ ಕಚ್ಚಿಕೊಂಡಿರುತ್ತದೆ.

ಉಜ್ಜಿದ ಪೈಪನ್ನು ಮೇಲಿನ ಚಕ್ಕುಲಿಗೆ ಎಳೆದು ಸವರಿ. ಎಲೆಗಳು ‘ವಿ’ ಆಕಾರದಲ್ಲಿ ತೆರೆದುಕೊಳ್ಳುತ್ತವೆ. ಎರಡಕ್ಕೂ ಒಂದೇ ಬಗೆಯ ಆವೇಶ ಇಳಿದು ಅವು ಒಂದನ್ನೊಂದು ತಳ್ಳುತ್ತಿವೆ. ಪೈಪನ್ನು ತೆಗೆದ ಮೇಲೂ ಕೆಲವು ನಿಮಿಷ ಹಾಗೆಯೇ ನಿಲ್ಲಬೇಕು. ಕೆಲವೇ ಸೆಕೆಂಡುಗಳಲ್ಲಿ ಮುಚ್ಚಿಕೊಂಡರೆ ಮುಚ್ಚಳದ ಮೂಲಕ ಆವೇಶ ಸೋರುತ್ತಿದೆ ಎಂದರ್ಥ. ಸ್ಪಿರಿಟ್ಟಿನಿಂದ ಮುಚ್ಚಳ ಒರೆಸಿ ಬಿಸಿಲಿಗಿಡಿ. ಆಗಲೂ ಸೋರಿದರೆ ತೂತನ್ನು ದೊಡ್ಡದು ಮಾಡಿ, ತಂತಿಯ ಸುತ್ತ ಕರಗಿದ ಮೇಣದಬತ್ತಿಯ ಮೇಣ ಸುರಿದು ಗಟ್ಟಿ ಮಾಡಿ. ಮೇಣ ಬಹಳ ಒಳ್ಳೆಯ ಅವಾಹಕ, ಅಂದರೆ ಆವೇಶವನ್ನು ಹರಿಯಗೊಡದ ವಸ್ತು.

ಮೂರನೆಯ ಹೆಜ್ಜೆ: ವಾಹಕ ಯಾವುದು, ಅವಾಹಕ ಯಾವುದು

ಎಲೆಗಳು ತೆರೆದಿರುವಾಗ ಬೇರೆ ಬೇರೆ ವಸ್ತುಗಳನ್ನು ಕೈಯಲ್ಲಿ ಹಿಡಿದು ಚಕ್ಕುಲಿಗೆ ಮುಟ್ಟಿಸುತ್ತಾ ಹೋಗಿ, ಪ್ರತಿಬಾರಿಯೂ ಮತ್ತೆ ಆವೇಶ ಕೊಡಿ. ಸ್ಟೀಲ್ ಚಮಚ ಮುಟ್ಟಿದ ಕೂಡಲೇ ಎಲೆಗಳು ಬೀಳುತ್ತವೆ. ಪ್ಲಾಸ್ಟಿಕ್ ಸ್ಕೇಲು ಮುಟ್ಟಿದರೆ ಕದಲುವುದಿಲ್ಲ. ಹಸಿ ಬೇವಿನ ಕಡ್ಡಿ ತಕ್ಷಣ ಬೀಳಿಸುತ್ತದೆ. ದಿನಪತ್ರಿಕೆಯ ಕಾಗದವೂ ಬೀಳಿಸುತ್ತದೆ, ಹತ್ತಿಯ ನೂಲು ತುಸು ನಿಧಾನವಾಗಿ ಬೀಳಿಸುತ್ತದೆ.

ಕಾಗದ ಅವಾಹಕ ಎಂದು ಬಲ್ಬು ಸೆಲ್ಲಿನ ಪ್ರಯೋಗದಲ್ಲಿ ಬರೆದಿದ್ದೆವಲ್ಲ, ಸರ್, ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳದಿದ್ದರೆ ನೀವೇ ಕೇಳಿ, ಏಕೆಂದರೆ ಈ ಪಾಠದ ಅತ್ಯಂತ ಬೆಲೆಬಾಳುವ ಪ್ರಶ್ನೆ ಅದು. ಬಲ್ಬು ಉರಿಯಲು ದೊಡ್ಡ ಪ್ರವಾಹ ಬೇಕು. ಕಾಗದದಲ್ಲಿ ಅಷ್ಟು ಹರಿಯುವುದಿಲ್ಲ. ಆದರೆ ನಮ್ಮ ವಿದ್ಯುದ್ದರ್ಶಕದಲ್ಲಿ ಇರುವ ಆವೇಶವೇ ಅತ್ಯಲ್ಪ. ಅದರ ಧಾರಕತೆ, ಅಂದರೆ ಆವೇಶ ಹಿಡಿದಿಡುವ ಸಾಮರ್ಥ್ಯ, ಸುಮಾರು 10 ಪಿಕೋಫ್ಯಾರಡ್ ಎಂದು ಇಟ್ಟುಕೊಳ್ಳೋಣ. ನೂರು ಕೋಟಿ ಓಮ್ ರೋಧವಿರುವ ವಸ್ತುವನ್ನು ಮುಟ್ಟಿಸಿದರೂ ರೋಧ ಮತ್ತು ಧಾರಕತೆಗಳ ಗುಣಲಬ್ಧ, ಅಂದರೆ ಆವೇಶ ಸೋರಲು ಹಿಡಿಯುವ ಕಾಲದ ಅಂದಾಜು, 0.01 ಸೆಕೆಂಡು ಮಾತ್ರ. ಕಣ್ಣು ಮಿಟುಕಿಸುವುದರೊಳಗೆ ಆವೇಶ ಖಾಲಿ. ಎಲೆಗಳು ನಿಮಿಷಗಟ್ಟಲೆ ನಿಲ್ಲಬೇಕಾದರೆ ರೋಧ ಇದರ ಹತ್ತು ಸಾವಿರ ಪಟ್ಟು ಅಥವಾ ಇನ್ನೂ ಹೆಚ್ಚಿರಬೇಕು. ವಾಹಕ, ಅವಾಹಕ ಎಂಬುವು ಗೋಡೆ ಕಟ್ಟಿ ಬೇರ್ಪಡಿಸಿದ ಎರಡು ಜಾತಿಗಳಲ್ಲ. ಏಣಿಯ ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಇರುವ ದರ್ಜೆಗಳು. ಇಂಗ್ಲೆಂಡಿನ ಸ್ಟೀಫನ್ ಗ್ರೇ 1729ರಲ್ಲಿ ಉದ್ದನೆಯ ದಾರದ ಮೂಲಕ ಆವೇಶವನ್ನು ಸಾಗಿಸುವಾಗ, ಅದನ್ನು ರೇಷ್ಮೆ ಎಳೆಗಳಿಂದ ತೂಗುಹಾಕಿದರೆ ಆವೇಶ ಉಳಿಯುತ್ತದೆ, ಲೋಹದ ತಂತಿಯಿಂದ ತೂಗುಹಾಕಿದರೆ ಕಳೆದುಹೋಗುತ್ತದೆ ಎಂದು ಗುರುತಿಸಿದಲ್ಲಿಂದ ಈ ವಿಂಗಡಣೆ ಶುರುವಾಯಿತು.

ನಾಲ್ಕನೆಯ ಹೆಜ್ಜೆ: ಮುಟ್ಟದೆ ಆವೇಶ ಕೊಡುವುದು

ಪ್ರೇರಣೆಯ ಈ ಪ್ರಯೋಗದಲ್ಲಿ ಕೈಗಳ ಅನುಕ್ರಮವೇ ಎಲ್ಲ. ಖಾಲಿ ವಿದ್ಯುದ್ದರ್ಶಕದ ಚಕ್ಕುಲಿಯ ಹತ್ತಿರಕ್ಕೆ, ಎರಡು ಬೆರಳಿನ ದೂರದಲ್ಲಿ, ಉಜ್ಜಿದ ಪೈಪನ್ನು ತಂದು ಹಿಡಿಯಿರಿ. ಮುಟ್ಟಿಸದಿದ್ದರೂ ಎಲೆಗಳು ತೆರೆಯುತ್ತವೆ. ಪೈಪಿನ ಋಣ ಆವೇಶವು ತಂತಿಯ ಇಲೆಕ್ಟ್ರಾನುಗಳನ್ನು, ಅಂದರೆ ಋಣ ಆವೇಶ ಹೊತ್ತ ಕಣಗಳನ್ನು, ಕೆಳಕ್ಕೆ, ಎಲೆಗಳ ಕಡೆಗೆ ಓಡಿಸಿದೆ. ಪೈಪನ್ನು ಅಲ್ಲಿಯೇ ಹಿಡಿದುಕೊಂಡು ಇನ್ನೊಂದು ಕೈಯ ಬೆರಳಿನಿಂದ ಚಕ್ಕುಲಿಯನ್ನು ಮುಟ್ಟಿ. ಎಲೆಗಳು ಬೀಳುತ್ತವೆ, ಏಕೆಂದರೆ ಓಡಿಹೋಗಲು ಇನ್ನೂ ದೂರದ ಜಾಗ ಸಿಕ್ಕಿತು. ಇಲೆಕ್ಟ್ರಾನುಗಳು ನಿಮ್ಮ ಬೆರಳಿನ ಮೂಲಕ ನೆಲಕ್ಕಿಳಿದವು. ಈಗ ಮೊದಲು ಬೆರಳನ್ನು ತೆಗೆಯಿರಿ, ಆಮೇಲೆ ಪೈಪನ್ನು. ಎಲೆಗಳು ಮತ್ತೆ ತೆರೆದು ನಿಲ್ಲುತ್ತವೆ.

ಪೈಪನ್ನು ಮೊದಲು ತೆಗೆದು ಬೆರಳನ್ನು ಆಮೇಲೆ ತೆಗೆದರೆ ಏನೂ ಉಳಿಯುವುದಿಲ್ಲ. ಹೋದ ಇಲೆಕ್ಟ್ರಾನುಗಳು ಬಂದ ದಾರಿಯಲ್ಲೇ ಮರಳುತ್ತವೆ. ಮಕ್ಕಳಿಂದ ಬೇಕೆಂದೇ ಎರಡೂ ರೀತಿ ಮಾಡಿಸಿ. ಸರಿಯಾದ ಕ್ರಮದಲ್ಲಿ ಮಾಡಿದಾಗ ಉಳಿದ ಆವೇಶ ಯಾವುದು ಎಂಬುದನ್ನೂ ಪರೀಕ್ಷಿಸಿ: ಅದೇ ಪೈಪನ್ನು ಮತ್ತೆ ನಿಧಾನವಾಗಿ ಹತ್ತಿರ ತಂದರೆ ಎಲೆಗಳು ಇನ್ನಷ್ಟು ತೆರೆಯುವ ಬದಲು ಕುಗ್ಗುತ್ತವೆ. ಅಂದರೆ ಋಣ ಪೈಪಿನಿಂದ ನಾವು ಧನ ಆವೇಶವನ್ನು ಪಡೆದಿದ್ದೇವೆ, ಅದೂ ಪೈಪಿನಿಂದ ಒಂದು ಇಲೆಕ್ಟ್ರಾನನ್ನೂ ಕಳೆದುಕೊಳ್ಳದೆ. ತಂತಿಯಿಂದ ನೆಲಕ್ಕೆ ಎಷ್ಟು ಹೋಯಿತೋ ಅಷ್ಟೇ ಕೊರತೆ ಇಲ್ಲಿ ಧನವಾಗಿ ಕಾಣುತ್ತಿದೆ.

ಐದನೆಯ ಹೆಜ್ಜೆ: ಲೆಕ್ಕ ಸರಿಹೊಂದುತ್ತದೆಯೇ?

ಆರಂಭದಲ್ಲಿ ಹೇಳಿದ ‘ಉತ್ಪತ್ತಿ’ಯ ತಪ್ಪನ್ನು ಬೇರುಸಹಿತ ಕೀಳುವ ಪ್ರಯೋಗ ಇದು. ಸ್ಟೀಲ್ ಡಬ್ಬಿಯನ್ನು ವಿದ್ಯುದ್ದರ್ಶಕದ ಚಕ್ಕುಲಿಯ ಮೇಲೆ ಅಲ್ಲಾಡದಂತೆ ಇಡಿ. ಇದಕ್ಕಾಗಿ ಬಾಟಲಿ ಅಗಲವಾದದ್ದಾಗಿ, ತಂತಿ ಗಟ್ಟಿಯಾಗಿರಬೇಕು. ಒಂದು ಪ್ಲಾಸ್ಟಿಕ್ ಸ್ಕೇಲಿನ ತುದಿಗೆ ಕಂಬಳಿಯ ತುಂಡನ್ನು, ಇನ್ನೊಂದರ ತುದಿಗೆ ಪಿವಿಸಿಯ ಚೂರನ್ನು ಅಂಟಿಸಿ. ಕಂಬಳಿಯನ್ನು ಬರಿಗೈಯಲ್ಲಿ ಹಿಡಿದರೆ ಅದರ ಮೇಲಿನ ಧನ ಆವೇಶ ಮೈಯ ಮೂಲಕ ನೆಲಕ್ಕೆ ಸೇರಿ ಲೆಕ್ಕ ತಪ್ಪುತ್ತದೆ. ಸ್ಕೇಲಿನ ಹಿಡಿಕೆ ಅದಕ್ಕಾಗಿಯೇ. ಎರಡೂ ತುದಿಗಳ ಮೇಲೆ ಬಾಯಿಂದ ಹಬೆ ಬಿಟ್ಟು ಹಳೆಯ ಆವೇಶವನ್ನು ಕಳೆಯಿರಿ, ತುಸು ಹೊತ್ತು ಆರಲು ಬಿಡಿ.

ಈಗ ಎರಡನ್ನೂ ಡಬ್ಬಿಯೊಳಗೆ ಆಳಕ್ಕೆ ಇಳಿಸಿ, ಗೋಡೆಗೆ ತಾಗದಂತೆ ಒಳಗೇ ಒಂದಕ್ಕೊಂದು ಉಜ್ಜಿ. ಎಲೆಗಳು ಮಿಸುಕುವುದಿಲ್ಲ. ಕಂಬಳಿಯನ್ನು ಹೊರತೆಗೆಯಿರಿ: ಎಲೆಗಳು ತೆರೆಯುತ್ತವೆ. ಅದನ್ನು ಮರಳಿ ಇಳಿಸಿ ಪಿವಿಸಿಯನ್ನು ತೆಗೆಯಿರಿ: ಅಷ್ಟೇ ಅಗಲಕ್ಕೆ ತೆರೆಯುತ್ತವೆ. ಎರಡೂ ಒಳಗಿದ್ದರೆ ಮುಚ್ಚಿರುತ್ತವೆ. ಉಜ್ಜುವ ಮೊದಲು ಒಟ್ಟು ಆವೇಶ ಸೊನ್ನೆ, ಉಜ್ಜಿದ ನಂತರವೂ ಸೊನ್ನೆ. ಮೈಕೆಲ್ ಫ್ಯಾರಡೆ 1843ರಲ್ಲಿ ಮಂಜುಗಡ್ಡೆ ಇಡುವ ಲೋಹದ ಬಕೆಟ್ಟಿನಿಂದ ಮಾಡಿದ ಪ್ರಯೋಗದ ಹಾದಿಯಲ್ಲೇ ಈ ಜೋಡಣೆಯೂ ಇದೆ. ಆವೇಶ ಸಂರಕ್ಷಣಾ ನಿಯಮಕ್ಕೆ ಈವರೆಗೆ ಒಂದು ಅಪವಾದವೂ ಸಿಕ್ಕಿಲ್ಲ. ಇಲೆಕ್ಟ್ರಾನೊಂದು ಹೊಸದಾಗಿ ಹುಟ್ಟುವ ಪರಮಾಣು ಕ್ರಿಯೆಗಳಲ್ಲಿ ಕೂಡ ಅಷ್ಟೇ ಧನ ಆವೇಶ ಜೊತೆಗೇ ಹುಟ್ಟಿ ಮೊತ್ತ ಬದಲಾಗದೆ ಉಳಿಯುತ್ತದೆ.

ಆರನೆಯ ಹೆಜ್ಜೆ: ಎಷ್ಟು ಆವೇಶ, ಎಷ್ಟು ಇಲೆಕ್ಟ್ರಾನು

ಈವರೆಗೆ ಇದೆ, ಇಲ್ಲ ಎಂದಷ್ಟೇ ನೋಡಿದೆವು. ಇನ್ನು ಅಳೆಯೋಣ. ಥರ್ಮಾಕೋಲ್ ಗುಂಡುಗಳಿಗೆ ಅಲ್ಯೂಮಿನಿಯಂ ಹಾಳೆಯನ್ನು ಸುಕ್ಕಿಲ್ಲದಂತೆ ಹೊದಿಸಿ. ತೂಕಕ್ಕೆ ಶಾಲೆಯ ತಕ್ಕಡಿ ಸಾಲದು; ನಾನು ಬಂಗಾರದ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿಸಿಕೊಂಡು ಬರುತ್ತೇನೆ. ಒಂದು ಗುಂಡು ಸುಮಾರು 0.1 ಗ್ರಾಂ ಬರುತ್ತದೆ. ಎರಡು ಗುಂಡುಗಳನ್ನು 50 ಸೆಂಟಿಮೀಟರ್ ಉದ್ದದ ನೈಲಾನ್ ದಾರಗಳಿಂದ ಒಂದೇ ಬಿಂದುವಿಗೆ ತೂಗುಹಾಕಿ. ಉಜ್ಜಿದ ಪೈಪನ್ನು ಎರಡಕ್ಕೂ ಒಟ್ಟಿಗೆ ಮುಟ್ಟಿಸಿದರೆ ಅವು ಸಮನಾಗಿ ಆವೇಶ ಹಂಚಿಕೊಂಡು ದೂರ ಸರಿಯುತ್ತವೆ. ಹಿಂದೆ ಸ್ಕೇಲು ನಿಲ್ಲಿಸಿ, ಒಂದೇ ಕಣ್ಣಿನಿಂದ ನೇರಕ್ಕೆ ನೋಡಿ ಅಂತರ ಅಳೆಯಿರಿ. 6 ಸೆಂಟಿಮೀಟರ್ ಬಂತೆಂದು ಇಟ್ಟುಕೊಳ್ಳಿ.

ಪ್ರತಿ ಗುಂಡೂ ನೇರ ಕೆಳಗಿನ ಸ್ಥಾನದಿಂದ 3 ಸೆಂಟಿಮೀಟರ್ ಪಕ್ಕಕ್ಕೆ ಸರಿದಿದೆ. 50ಕ್ಕೆ 3, ಅಂದರೆ 0.06. ಗುಂಡಿನ ತೂಕ, ಅಂದರೆ 0.0001 ಕಿಲೋಗ್ರಾಂ ಗುಣಿಸು 9.8, ಇದನ್ನು 0.06ರಿಂದ ಗುಣಿಸಿದರೆ ವಿಕರ್ಷಣ ಬಲ ಸುಮಾರು 5.9 × 10⁻⁵ ನ್ಯೂಟನ್. ಶಾರ್ಲ್ ಕೂಲಂಬ್ 1785ರಲ್ಲಿ ಪ್ರಕಟಿಸಿದ ನಿಯಮದ ಪ್ರಕಾರ ಈ ಬಲವು ಎರಡು ಆವೇಶಗಳ ಗುಣಲಬ್ಧಕ್ಕೆ ನೇರ ಅನುಪಾತದಲ್ಲೂ ಅಂತರದ ವರ್ಗಕ್ಕೆ ವಿಲೋಮ ಅನುಪಾತದಲ್ಲೂ ಇರುತ್ತದೆ. ಅನುಪಾತದ ಸ್ಥಿರಾಂಕ ಸುಮಾರು 9 × 10⁹. ಬಲವನ್ನು ಅಂತರದ ವರ್ಗದಿಂದ, ಅಂದರೆ 0.0036ರಿಂದ ಗುಣಿಸಿ, ಸ್ಥಿರಾಂಕದಿಂದ ಭಾಗಿಸಿ, ವರ್ಗಮೂಲ ತೆಗೆದರೆ ಒಂದು ಗುಂಡಿನ ಆವೇಶ 4.8 × 10⁻⁹ ಕೂಲಂಬ್, ಅಂದರೆ ಸುಮಾರು 5 ನ್ಯಾನೋಕೂಲಂಬ್.

ಒಂದು ಇಲೆಕ್ಟ್ರಾನಿನ ಆವೇಶ 1.602176634 × 10⁻¹⁹ ಕೂಲಂಬ್. 2019ರಿಂದ ಈ ಅಂಕಿಯನ್ನೇ ನಿಖರ ಬೆಲೆಯೆಂದು ಸ್ಥಿರಪಡಿಸಿ ಮಾನಗಳನ್ನು ವ್ಯಾಖ್ಯಾನಿಸಲಾಗಿದೆ. ಭಾಗಿಸಿ ನೋಡಿದರೆ ನಮ್ಮ ಗುಂಡಿನ ಮೇಲೆ ಹೆಚ್ಚುವರಿಯಾಗಿ ಬಂದು ಕೂತ ಇಲೆಕ್ಟ್ರಾನುಗಳು ಸುಮಾರು 3,000 ಕೋಟಿ. ಸಂಖ್ಯೆ ದೊಡ್ಡದೆನಿಸಿದರೂ ಅವೆಲ್ಲ ಸೇರಿದ ತೂಕ ಯಾವ ತಕ್ಕಡಿಗೂ ಸಿಗದು. ಆವೇಶ ಎಷ್ಟೇ ಇರಲಿ, ಅದು ಈ ಚಿಕ್ಕ ಮೊತ್ತದ ಪೂರ್ಣ ಅಪವರ್ತ್ಯವಾಗಿಯೇ ಇರುತ್ತದೆ; ಅರ್ಧ ಇಲೆಕ್ಟ್ರಾನು ದಾಟುವುದಿಲ್ಲ. ಅಮೆರಿಕದ ರಾಬರ್ಟ್ ಮಿಲಿಕನ್ 1909ರಿಂದ ಎಣ್ಣೆಯ ಹನಿಗಳನ್ನು ವಿದ್ಯುತ್ ಕ್ಷೇತ್ರದಲ್ಲಿ ತೇಲಿಸಿ ತೋರಿಸಿಕೊಟ್ಟದ್ದು ಇದನ್ನೇ. ಪ್ರೋಟಾನಿನೊಳಗಿನ ಕ್ವಾರ್ಕುಗಳಿಗೆ ಮೂರನೇ ಒಂದು, ಮೂರನೇ ಎರಡು ಭಾಗದ ಆವೇಶವಿದ್ದರೂ ಅವು ಬಿಡಿಯಾಗಿ ಹೊರಬರುವುದಿಲ್ಲ.

ವಿಲೋಮ ವರ್ಗದ ನಿಯಮವನ್ನು ನಂಬಿಕೆಯ ಮೇಲೆ ಒಪ್ಪಬೇಕಿಲ್ಲ, ಇದೇ ಗುಂಡುಗಳಿಂದ ಪರೀಕ್ಷಿಸಬಹುದು. ಆವೇಶವಿಲ್ಲದ ಮೂರನೆಯ ಗುಂಡನ್ನು ನೈಲಾನ್ ದಾರದಿಂದ ಹಿಡಿದು, ತೂಗುತ್ತಿರುವ ಒಂದಕ್ಕೆ, ಇನ್ನೊಂದಕ್ಕೆ ಎದುರಲ್ಲದ ಪಕ್ಕದಿಂದ ಮುಟ್ಟಿಸಿ ದೂರ ತೆಗೆಯಿರಿ. ಒಂದೇ ಗಾತ್ರದ ಗುಂಡುಗಳಾದ್ದರಿಂದ ಅದರ ಆವೇಶ ಸರಿಸುಮಾರು ಅರ್ಧವಾಯಿತು. ಆವೇಶವನ್ನು ಹೀಗೆ ಪಾಲು ಮಾಡುವ ಉಪಾಯವನ್ನು ಕೂಲಂಬ್ ಕೂಡ ಬಳಸಿದ್ದರು. ಈ ತೂಗುವ ಜೋಡಣೆಯಲ್ಲಿ ಗುಂಡನ್ನು ಓರೆಯಾಗಿ ನಿಲ್ಲಿಸಲು ಬೇಕಾದ ಬಲವು ಅಂತರಕ್ಕೆ ನೇರ ಅನುಪಾತದಲ್ಲಿ ಇರುವುದರಿಂದ, ನಿಯಮ ವಿಲೋಮ ವರ್ಗದ್ದಾದರೆ, ಅಂತರದ ಘನವು ಆವೇಶಗಳ ಗುಣಲಬ್ಧಕ್ಕೆ ಅನುಪಾತದಲ್ಲಿರಬೇಕು. ಗುಣಲಬ್ಧ ಅರ್ಧವಾದ್ದರಿಂದ 6 ಸೆಂಟಿಮೀಟರ್ ಇಳಿದು ಸುಮಾರು 4.8 ಆಗಬೇಕು. ಬಲವು ಅಂತರದ ವರ್ಗಕ್ಕಲ್ಲದೆ ಬರಿಯ ಅಂತರಕ್ಕೆ ವಿಲೋಮವಾಗಿದ್ದರೆ 4.2 ಬರಬೇಕಿತ್ತು. ಅರ್ಧ ಸೆಂಟಿಮೀಟರಿಗೂ ಮೀರಿದ ಈ ವ್ಯತ್ಯಾಸವನ್ನು ಹಳ್ಳಿಯ ಶಾಲೆಯ ಸ್ಕೇಲಿನಿಂದಲೂ ಗುರುತಿಸಬಹುದು. ಆವೇಶ ಸೋರುವ ಮುನ್ನ, ಒಂದೆರಡು ನಿಮಿಷಗಳೊಳಗೆ ಎರಡೂ ಅಳತೆ ಮುಗಿಸಿ. ನಾಲ್ಕೈದು ಸಲ ಮಾಡಿ ಸರಾಸರಿ ತೆಗೆಯಿರಿ.

ಇದೇ ಹೊತ್ತಿನಲ್ಲಿ ಮಕ್ಕಳ ಕಣ್ಣನ್ನು ಇನ್ನೊಂದು ಸಂಗತಿಗೆ ತಿರುಗಿಸಿ: ಒಂದು ಗುಂಡಿನ ಆವೇಶ ಇನ್ನೊಂದರ ಅರ್ಧವಿದ್ದರೂ ಎರಡೂ ದಾರಗಳು ಸಮನಾಗಿಯೇ ಓರೆಯಾಗಿವೆ. ಹೆಚ್ಚು ಆವೇಶವಿರುವುದು ಹೆಚ್ಚು ಜೋರಾಗಿ ತಳ್ಳುತ್ತದೆ ಎಂಬ ಊಹೆ ತಪ್ಪು; ಎರಡರ ಮೇಲಿನ ಬಲವೂ ಒಂದೇ.

ಏಳನೆಯ ಹೆಜ್ಜೆ: ಚೂಪಾದ ತುದಿ, ಶಕ್ತಿನಗರ ಮತ್ತು ಸಿಡಿಲು

ವಿದ್ಯುದ್ದರ್ಶಕದ ಚಕ್ಕುಲಿಗೆ ಒಂದು ಸೂಜಿಯನ್ನು ಮೊನೆ ಮೇಲಾಗುವಂತೆ ಸಿಕ್ಕಿಸಿ ಆವೇಶ ಕೊಟ್ಟು ನೋಡಿ. ಎಲೆಗಳು ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ. ವಾಹಕದ ಮೇಲಿನ ಆವೇಶ ಚೂಪಾದ ಕಡೆ ದಟ್ಟವಾಗಿ ಸೇರುತ್ತದೆ. ಅಲ್ಲಿಯ ವಿದ್ಯುತ್ ಕ್ಷೇತ್ರ ಮೀಟರಿಗೆ ಸುಮಾರು 30 ಲಕ್ಷ ವೋಲ್ಟ್ ತಲುಪಿದರೆ ಗಾಳಿಯೇ ಒಡೆದು ವಾಹಕವಾಗುತ್ತದೆ.

ರಾಯಚೂರು ಸಮೀಪದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 1985ರಿಂದ ವಿದ್ಯುತ್ ಉತ್ಪಾದನೆ ನಡೆದಿದೆ; ಕುಡತಿನಿಯ ಬಳಿ ಬಳ್ಳಾರಿಯ ಸ್ಥಾವರವಿದೆ. ಇಂಥ ಸ್ಥಾವರಗಳಲ್ಲಿ ಉರಿಯುವ ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇಕಡಾ 30ಕ್ಕೂ ಹೆಚ್ಚು ಬೂದಿ ಇರುತ್ತದೆ. ಆ ಬೂದಿಯೆಲ್ಲ ಚಿಮಣಿಯಿಂದ ಹೊರಬಿದ್ದರೆ ಸುತ್ತಲಿನ ಹೊಲಗಳ ಗತಿಯೇನು? ಅದನ್ನು ತಡೆಯುವುದು ಚಿಮಣಿಗೆ ಮುಂಚೆ ಕೂರಿಸುವ ಸ್ಥಾಯಿವಿದ್ಯುತ್ ಬೂದಿಹಿಡುಕ. ಅದರೊಳಗೆ ತೆಳುವಾದ ತಂತಿಗಳಿಗೆ ಹತ್ತಾರು ಸಾವಿರ ವೋಲ್ಟಿನ ಋಣ ವಿಭವ ಕೊಟ್ಟಿರುತ್ತಾರೆ. ಸೂಜಿಯ ಮೊನೆಯಲ್ಲಿ ನಡೆದದ್ದೇ ಅಲ್ಲಿ ತಂತಿಯ ಸುತ್ತ ನಡೆಯುತ್ತದೆ: ಗಾಳಿ ಒಡೆದು ಹೊರಬಿದ್ದ ಋಣ ಆವೇಶ ಹಾರುಬೂದಿಯ ಕಣಗಳಿಗೆ ಅಂಟುತ್ತದೆ, ಕಣಗಳು ನೆಲಕ್ಕೆ ಜೋಡಿಸಿದ ಲೋಹದ ಹಲಗೆಗಳತ್ತ ಸೆಳೆಯಲ್ಪಟ್ಟು ಪದರಗಟ್ಟುತ್ತವೆ. ಆಗಾಗ ಸುತ್ತಿಗೆಗಳು ಹಲಗೆಗಳನ್ನು ಬಡಿದಾಗ ಬೂದಿ ಕೆಳಗಿನ ತೊಟ್ಟಿಗೆ ಉದುರುತ್ತದೆ. ಅಲ್ಲಿಂದ ಸಿಮೆಂಟಿಗೂ ಇಟ್ಟಿಗೆಗೂ ಹೋಗುತ್ತದೆ. ಸುಸ್ಥಿತಿಯಲ್ಲಿರುವ ಬೂದಿಹಿಡುಕ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಪಾಲು ಬೂದಿಯನ್ನು ಹಿಡಿಯಬಲ್ಲದು. ಪೈಪು ಕಾಗದದ ಚೂರನ್ನು ಎತ್ತಿದ ನಿಯಮ ಒಂದು ಜಿಲ್ಲೆಯ ಗಾಳಿಯನ್ನು ಕಾಯುತ್ತಿದೆ ಎಂದು ಹೇಳಿದಾಗ ರಾಯಚೂರಿನ ಮಕ್ಕಳ ಮುಖ ನೋಡಬೇಕು.

ಸಿಡಿಲು ನಾಲ್ಕನೆಯ ಹೆಜ್ಜೆಯ ಪ್ರೇರಣೆಯೇ, ಆಕಾಶದಷ್ಟು ದೊಡ್ಡದಾಗಿ. ಮೋಡದ ತಳದಲ್ಲಿ ಬಹುಮಟ್ಟಿಗೆ ಋಣ ಆವೇಶ ಸೇರುತ್ತದೆ, ಕೆಳಗಿನ ನೆಲದಲ್ಲಿ ಧನ ಆವೇಶ ಪ್ರೇರಿತವಾಗುತ್ತದೆ. ನಮ್ಮ ಗುಂಡಿನ ಮೇಲೆ ಇದ್ದದ್ದು 5 ನ್ಯಾನೋಕೂಲಂಬ್. ಒಂದು ಸಿಡಿಲಿನಲ್ಲಿ ಕೆಲವು ಕೂಲಂಬ್‌ನಿಂದ ಹತ್ತಾರು ಕೂಲಂಬ್‌ವರೆಗೆ ಆವೇಶ ಇಳಿಯುತ್ತದೆ, ಪ್ರವಾಹ ಸುಮಾರು 30,000 ಆಂಪಿಯರ್ ಮುಟ್ಟುತ್ತದೆ. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿನಲ್ಲಿ ಬಯಲಲ್ಲಿ ಕುರಿ ಕಾಯುವವರು ಒಂಟಿ ಮರದ ಕೆಳಗೆ ನಿಲ್ಲುವುದು ಎಷ್ಟು ಅಪಾಯವೆಂದು ಈ ಪಾಠದಲ್ಲೇ ಹೇಳಬೇಕು. ಮರಕ್ಕೆ ಬಿದ್ದ ಸಿಡಿಲು ನೆಲದಲ್ಲಿ ಹರಡುವಾಗ ಒಂದು ಕಾಲಿಗೂ ಇನ್ನೊಂದು ಕಾಲಿಗೂ ನಡುವೆ ವೋಲ್ಟೇಜು ಏರ್ಪಡುತ್ತದೆ. ಮುಂಗಾಲು ಹಿಂಗಾಲುಗಳ ನಡುವೆ ಅಂತರ ಹೆಚ್ಚಿರುವ ಕುರಿ, ದನಗಳು ಗುಂಪುಗುಂಪಾಗಿ ಸಾಯುವುದು ಇದರಿಂದಲೇ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಕೂಡಲೇ ಪಕ್ಕಾ ಕಟ್ಟಡದೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಹೋಗಬೇಕು, ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಬರಬಾರದು. ಗಾಳಿಪಟ ಹಾರಿಸಿ ಮೋಡದ ಆವೇಶ ಇಳಿಸುವ ಕಥೆಯನ್ನು ಹೇಳುವಾಗ, 1753ರಲ್ಲಿ ರಷ್ಯಾದಲ್ಲಿ ಗುಡುಗುಮಳೆಯ ಹೊತ್ತು ಮನೆಯೊಳಗಿನ ಲೋಹದ ಸರಳಿನಿಂದ ಅಂಥದೇ ಅಳತೆಗೆ ಹೊರಟ ವಿಜ್ಞಾನಿ ರಿಕ್‌ಮನ್ ಸಿಡಿಲಿಗೆ ಬಲಿಯಾದದ್ದನ್ನೂ ತಪ್ಪದೆ ಹೇಳಿ.

ಮುಂಗಾರು ಹಿಡಿದ ಮೇಲೆ ವಿದ್ಯುದ್ದರ್ಶಕ ನಿಲ್ಲುವುದಿಲ್ಲ. ಒತ್ತಾಯದಿಂದ ಬಳಸಲು ಹೋಗಬೇಡಿ. ಎಲೆಗಳನ್ನು ಕಳಚಿ ಪುಸ್ತಕದ ಹಾಳೆಗಳ ನಡುವೆ ಇಡಿ. ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದೆರಡನ್ನು ಬಾಟಲಿಯೊಳಗೆ ಹಾಕಿ ಮುಚ್ಚಳ ಬಿಗಿಯಿರಿ. ಪೈಪು, ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ದೀಪಾವಳಿ ಕಳೆದು ಹವೆ ಒಣಗಿದಾಗ ಎಲ್ಲವನ್ನೂ ಒಂದು ದಿನ ಬಿಸಿಲಿಗೆ ಹರಡಿ, ಎಲೆಗಳನ್ನು ಹೊಸದಾಗಿ ಕತ್ತರಿಸಿ ತೂಗುಹಾಕಿದರೆ ಮುಂದಿನ ವರ್ಷದ ತರಗತಿಗೆ ಉಪಕರಣ ಸಿದ್ಧ.